ಮುಖ ಹೊರಗೆ ಮಾಡಿ ಇಟ್ಟ ಚಪ್ಪಲಿ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಬರೆಯೋನಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟೋನು, ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಇಪ್ಪತ್ತೇಳನೇ ವಯಸ್ಸಲ್ಲಿ, ಅದೂ ಎರಡನೇ ಸಲಕ್ಕೆ. ಇದನ್ನ ಫೋನಲ್ಲಿ ಒಂದೇ ಬೆರಳಲ್ಲಿ ಒತ್ತುತಾ ಇದ್ದೀನಿ. ಒಂದು ಒತ್ತಕ್ಷರ ಹುಡುಕೋ ಹೊತ್ತಿಗೆ ಹೇಳ್ಬೇಕು ಅಂದ್ಕೊಂಡಿದ್ದು ಅರ್ಧ ಮರೆತು ಹೋಗಿರುತ್ತೆ. ಅಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮಾತು ತಪ್ಪಿದ್ರೂ ಹಾಗೇ.

ಹೋದ ತಿಂಗಳು ಒಂದು ಭಾನುವಾರ ನಮ್ಮನೆಗೆ ಏಳೆಂಟು ಜನ ಫೀಕಾಗೆ ಬಂದಿದ್ರು. ಫೀಕಾ ಅಂದ್ರೆ ಕಾಫಿ, ಜೊತೆಗೆ ಏನಾದ್ರೂ ಸಿಹಿ, ಆಮೇಲೆ ಎದ್ದು ಹೋಗೋಕೆ ಮನಸ್ಸಾಗೋವರೆಗೂ ಕೂರೋದು. ಸ್ವೀಡನ್ನಿಗೆ ಬಂದ ಹೊಸದರಲ್ಲಿ ನನಗೆ ಇಲ್ಲಿ ಹಿಡಿಸಿದ್ದು ಒಂದೇ ವಿಷಯ, ಇಲ್ಲಿಯವರೂ ಮನೆ ಒಳಗೆ ಚಪ್ಪಲಿ ಹಾಕಲ್ಲ. ಬಾಗಿಲು ದಾಟಿದ ತಕ್ಷಣ ಬಿಚ್ಚಿ ಗುಡ್ಡೆ ಹಾಕ್ತಾರೆ. ಚಳಿಗಾಲದಲ್ಲಿ ಆ ಗುಡ್ಡೆ ನೋಡ್ಬೇಕು, ಒಂದೊಂದು ಬೂಟೂ ಒಂದೊಂದು ಕೊಡದಷ್ಟು ಇರುತ್ತೆ. ಎಲ್ಲರೂ ಕಾಫಿ ಕುಡೀತಿದ್ದಾಗ ನಾನು ಮೆಲ್ಲಗೆ ಎದ್ದು ಹೋಗಿ ಅವನ್ನೆಲ್ಲ ಜೋಡಿ ಮಾಡಿ, ಮುಖ ಬಾಗಿಲ ಕಡೆ ತಿರುಗಿಸಿ, ಸಾಲಾಗಿ ಇಟ್ಟೆ. ನನ್ನ ಹೆಂಡತಿ ಸುಧಾ ಅಡುಗೆಮನೆಯಿಂದಲೇ ನೋಡಿ, ರೀ, ನಿಮ್ಮ ಕೈ ಒಂದು ಗಳಿಗೆ ಸುಮ್ನಿರಲ್ವಾ ಅಂದ್ಲು. ಹೊರಡೋವಾಗ ಎದುರು ಮನೆ ಅಜ್ಜಿ ಬಗ್ಗದೇ, ತಿರುಗದೇ, ನೇರ ಬೂಟಿನೊಳಗೆ ಕಾಲಿಟ್ಟರು. ಇಟ್ಟು, ನನ್ನ ಬೂಟಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ ಅಂದ್ರು.

ಅವರು ಹೋದ ಮೇಲೂ ನಾನು ಬಾಗಿಲ ಹತ್ರಾನೇ ನಿಂತಿದ್ದೆ. ಹೋದ ವರ್ಷ, 2018ರ ಫೆಬ್ರವರಿ, ನೆನಪಾಯ್ತು. ಅದನ್ನೇ ಬರೆಯೋಣ ಅಂತ ಕೂತೆ.

ಹೇಳ್ಬೇಕಂದ್ರೆ ನಮ್ಮಪ್ಪನಿಂದ ಶುರು ಮಾಡ್ಬೇಕು. ನಮ್ಮೂರು ಮಧುಗಿರಿ. ಮಧುಗಿರಿ ಅಂದ ತಕ್ಷಣ ನೀವು ಆ ದೊಡ್ಡ ಏಕಶಿಲೆ ಬೆಟ್ಟ ಅಂದ್ಕೋತೀರ. ಅದಲ್ಲ ನಾನು ಹೇಳ್ತಿರೋದು. ಊರಾಚೆ ಒಂದು ಬೋಳು ಗುಡ್ಡ ಇದೆ, ಮೇಲೆ ರಂಗಪ್ಪನ ಸಣ್ಣ ಗುಡಿ. ಅದನ್ನ ಹತ್ತೋಕೆ ಯಾರೂ ದೂರದಿಂದ ಬರಲ್ಲ, ಊರವರೇ ಶನಿವಾರ ಶನಿವಾರ ಹೋಗ್ತಾರೆ. ಹತ್ತೋದು ಬರೀ ಕಾಲಲ್ಲಿ. ಬುಡದಲ್ಲಿ ಒಂದು ಹುಣಸೆ ಮರ, ಅದರ ಕೆಳಗೆ ಒಂದು ಗೋಣಿಚೀಲ ಹಾಸ್ಕೊಂಡು ನಮ್ಮಪ್ಪ ಕೂರ್ತಿದ್ದ. ಎಲ್ಲರ ಚಪ್ಪಲಿ ಕಾಯೋಕೆ.

ಬಾಕಿ ದಿನ ಅಪ್ಪ ಹಿಟ್ಟಿನ ಗಿರಣೀಲಿ ಕೆಲಸ ಮಾಡ್ತಿದ್ದ. ಸಂಜೆ ಮನೆಗೆ ಬಂದ್ರೆ ಹುಬ್ಬು, ರೆಪ್ಪೆ, ಕಿವಿ ಮೇಲಿನ ಕೂದಲು ಎಲ್ಲಾ ಹಿಟ್ಟು. ಮುಖ ತೊಳೆದ ಮೇಲೇನೇ ಅಪ್ಪನಿಗೆ ವಯಸ್ಸು ಕಮ್ಮಿ ಅಂತ ಗೊತ್ತಾಗ್ತಿದ್ದಿದ್ದು. ಶನಿವಾರ ಮಾತ್ರ ಬೆಳಗ್ಗೆಯೇ ಸ್ನಾನ ಮಾಡಿ, ನಾಮ ಇಟ್ಕೊಂಡು, ಹುಣಸೆ ಮರದ ಕೆಳಗೆ. ಟೋಕನ್ ಗೀಕನ್ ಏನೂ ಇರಲಿಲ್ಲ. ಅಪ್ಪನಿಗೆ ಅಂಕಿ ಬರೆಯೋಕೆ ಬರ್ತಿರಲಿಲ್ಲ. ಯಾರ ಚಪ್ಪಲಿ ಯಾವುದು ಅಂತ ತಲೇಲಿ ಇಟ್ಕೋತಿದ್ದ. ಮುಖ ನೋಡ್ತಿರಲಿಲ್ಲ, ಕಾಲು ನೋಡ್ತಿದ್ದ. ಪೇಟೇಲಿ ಯಾರಾದ್ರೂ ನಮಸ್ಕಾರ ಮಾಡಿದ್ರೆ ಮೊದಲು ಅವರ ಪಾದ ನೋಡಿ, ಆಮೇಲೆ ತಲೆ ಎತ್ತಿ, ಓ ಮೇಷ್ಟ್ರು ಅಂತಿದ್ದ. ಇವರು ಎಡಗಾಲು ಎಳೀತಾರೆ, ಈಯಮ್ಮ ಹಿಮ್ಮಡಿ ಊರಲ್ಲ, ಇಂಥವು ಅಪ್ಪನ ಲೆಕ್ಕಗಳು.

ಇನ್ನೊಂದು ರೂಢಿ ಇತ್ತು. ಜನ ಗುಡ್ಡದ ಕಡೆ ಮುಖ ಮಾಡಿ ಚಪ್ಪಲಿ ಬಿಟ್ಟು ಹೋಗ್ತಾರಲ್ಲ, ಅಪ್ಪ ಪ್ರತಿಯೊಂದು ಜೋಡಿಯನ್ನೂ ಎತ್ತಿ, ಮುಖ ಹೊರಗೆ ಮಾಡಿ, ಊರ ಕಡೆ ತಿರುಗಿಸಿ ಇಡ್ತಿದ್ದ. ಬಿಸಿಲಲ್ಲಿ ಬಂಡೆ ಮೇಲೆ ಕಾಲು ಸುಟ್ಕೊಂಡು ಇಳಿದು ಬರ್ತಾರೆ, ಬಂದವರು ಕಾಲು ಹಾಕಿದ್ರೆ ಸಾಕು ಅನ್ನೋ ಹಾಗಿರಬೇಕು ಅಂತಿದ್ದ. ಜನ ಒಂದು ಬಾಳೆಹಣ್ಣೋ, ಕಾಯಿ ಹೋಳೋ ಕೈಗಿಟ್ಟು ಹೋಗೋರು. ಶನಿವಾರ ಪೂರ್ತಿ ಅಲ್ಲೇ ಕೂತಿರೋನು ತಾನು ಮಾತ್ರ ಮೇಲೆ ಹೋಗ್ತಿರಲಿಲ್ಲ. ಎಲ್ಲರೂ ಇಳಿಯೋ ಹೊತ್ತಿಗೆ ಗುಡಿ ಬಾಗಿಲು ಹಾಕಿರ್ತಿತ್ತು. ಬೇರೆ ದಿನ ಹೋಗಪ್ಪಾ ಅಂದ್ರೆ, ಗಿರಣಿ ಯಾರು ನೋಡ್ತಾರೆ ಅನ್ನೋನು. ಅಪ್ಪ ಆ ಗುಡ್ಡ ಹತ್ತಿದ್ದು ನಾನಂತೂ ನೋಡಿಲ್ಲ.

ಈಗ ನನ್ನ ತಪ್ಪೊಂದು ಒಪ್ಕೋಬೇಕು. ನಾವು ಈ ದೇಶಕ್ಕೆ ಬಂದಿದ್ದು ಸುಧಾ ಓದಿನಿಂದ. ಊರಿನ ಆಸ್ಪತ್ರೇಲಿ ಅವಳು ಲ್ಯಾಬ್ ನೋಡ್ಕೋತಿದ್ಲು, ನಾನು ಅಟೆಂಡರ್. ನನ್ನನ್ನ ಎಸ್ಸೆಸ್ಸೆಲ್ಸಿ ಪಾಸ್ ಮಾಡಿಸಿದ್ದೂ ಅವಳೇ. ಆಮೇಲೆ ಅವಳಿಗೆ ಸ್ವೀಡನ್ನಿನ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ಓದೋಕೆ ಸೀಟು ಸಿಕ್ತು, ಓದು ಮುಗಿದ ಮೇಲೆ ಇನ್ನೂ ಉತ್ತರಕ್ಕೆ, ಈ ಸಣ್ಣ ಊರಿನ ಆಸ್ಪತ್ರೇಲಿ ಕೆಲಸ. ನಾನಿಲ್ಲಿ ಶಾಲೆ ಊಟದ ಮನೇಲಿ ಪಾತ್ರೆ ಕಡೆ ಇದ್ದೀನಿ. ಒಂದು ಸಲ ಗೋಥೆನ್‌ಬರ್ಗ್ ಕಡೆ ಕನ್ನಡದವರ ಗಣೇಶನ ಹಬ್ಬಕ್ಕೆ ಹೋಗಿದ್ವಿ. ಸುತ್ತಲ ಊರುಗಳಿಂದ ಜನ ಬಂದಿದ್ರು. ಟೋರ್ಸ್‌ಲಾಂಡದ ಇಂಜಿನಿಯರುಗಳು, ಮೋಲ್ನ್‌ಡಾಲ್‌ನ ಡಾಕ್ಟರೇಟ್‌ಗಳು, ಎಲ್ಲರೂ ಒಳ್ಳೆಯವರು. ಯಾರೋ, ನಿಮ್ಮ ತಂದೆ ಏನ್ ಮಾಡ್ತಾರೆ ಸಾರ್ ಅಂದ್ರು. ನನ್ನ ಬಾಯಿಂದ, ದೇವಸ್ಥಾನದಲ್ಲಿದ್ದಾರೆ ಅಂತ ಬಂತು. ಸುಳ್ಳೇನಲ್ಲ. ಆದರೆ ಐದು ನಿಮಿಷದಲ್ಲಿ ನನ್ನ ಕೈಗೆ ಮಂಗಳಾರತಿ ತಟ್ಟೆ ಬಂತು. ಅರ್ಚಕರ ಮನೆಯವರು ಇದ್ದಾರೆ, ಮಂತ್ರ ಹೇಳಿ ಅಂತ ಎಲ್ಲರೂ ಕೈ ಮುಗಿದು ನಿಂತ್ಬಿಟ್ರು. ನಾನು ಬಾಯಲ್ಲಿ ಏನೋ ಗುನುಗಿ, ಗಂಟೆ ಜೋರಾಗಿ ಬಾರಿಸಿ ಪಾರಾದೆ. ವಾಪಸ್ ಬರೋವಾಗ ರೈಲಲ್ಲಿ ಸುಧಾ ಮೊದಲು ನಕ್ಕಳು. ಆಮೇಲೆ ಕಿಟಕಿ ಕಡೆ ನೋಡ್ತಾ, ಮಾವ ಕೇಳಿಸ್ಕೊಂಡಿದ್ರೆ ನಗ್ತಿರಲಿಲ್ಲ ಅಂದ್ಲು.

ನನ್ನ ಮಗಳು ಸಹನಾಗೂ ನಾನು ಅದನ್ನೇ ಹೇಳಿದ್ದೆ. ತಾತ ದೇವಸ್ಥಾನದಲ್ಲಿ ಕೆಲಸ ಮಾಡ್ತಾರೆ ಅಂತ. ಅವಳಿಗಾಗ ಹನ್ನೊಂದು ವರ್ಷ. ಐದಕ್ಕೆ ಇಲ್ಲಿಗೆ ಬಂದೋಳು, ದಾಗಿಸ್ ಅಂದ್ರೆ ಇಲ್ಲಿಯ ಶಿಶುವಿಹಾರಕ್ಕೆ ಹೋಗಿ ಒಂದೇ ವರ್ಷದಲ್ಲಿ ಸ್ವೀಡಿಷ್ ಕಲಿತಳು. ನಾವು ಕನ್ನಡದಲ್ಲಿ ಕೇಳಿದ್ರೆ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡ್ತಾಳೆ. ವಾಟ್ಸಪ್ಪಲ್ಲಿ ಅಪ್ಪನ ಜೊತೆ ಮಾತಿಗೆ ಕೂರಿಸಿದ್ರೆ ಎರಡು ಮಾತಿಗೆ ಮುಗೀತಿತ್ತು. ಊಟ ಆಯ್ತಾ, ಆಯ್ತು ತಾತ. ಆಮೇಲೆ ಅಪ್ಪ ಪ್ರತಿ ಸಲ ಒಂದೇ ಕೇಳೋನು. ಪುಟ್ಟಿ, ನಿನ್ ಶೂ ತೋರ್ಸು. ಇವಳು ಹೋಗಿ ಬೂಟು ತಂದು ಕ್ಯಾಮೆರಾ ಮುಂದೆ ಹಿಡಿಯೋಳು. ಅಪ್ಪ ಅಡಿ ತೋರ್ಸು, ಹಿಮ್ಮಡಿ ತೋರ್ಸು ಅಂತ ಪೂರ್ತಿ ಪರೀಕ್ಷೆ ಮಾಡಿ, ಬಲಗಾಲು ಜಾಸ್ತಿ ಊರ್ತೀಯ ನೀನು ಅನ್ನೋನು. ತಾತ ಯಾಕೆ ಹೀಗೆ ಅಂತ ಇವಳು ಕೇಳಿದ್ರೆ ನಾನು ನಕ್ಕು ಸುಮ್ನಾಗ್ತಿದ್ದೆ.

ಫೆಬ್ರವರಿ ಕೊನೆ ಕಡೆ ಅಪ್ಪ ಹೋದ. ಬೆಳಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದೋನು ಏಳಲೇ ಇಲ್ಲವಂತೆ. ನನ್ನ ತಮ್ಮ ಮಂಜನೂ ಅವನ ಹೆಂಡತಿಯೂ ಪಕ್ಕದಲ್ಲೇ ಇದ್ರು.

ನಾನು ಹಿರಿಮಗ. ಹೋಗೋಕೆ ಆಗಲಿಲ್ಲ. ನಮ್ಮ ವೀಸಾ ರಿನ್ಯೂವಲ್‌ಗೆ ಹಾಕಿ ಆಗಲೇ ಐದು ತಿಂಗಳಾಗಿತ್ತು. ಅರ್ಜಿ ತೀರ್ಮಾನ ಆಗೋಕೆ ಮುಂಚೆ ದೇಶ ಬಿಟ್ರೆ ಒಳಗೆ ಬರೋದು ಯಾವಾಗ, ಬರೋಕೆ ಆಗುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಯಾರನ್ನೂ ದೂರಲ್ಲ, ನಿಯಮ ಇರೋದು ಹಾಗೆ. ಸುಧಾ ಹೋಗಿ ಬನ್ನಿ, ಆಗಿದ್ದಾಗಲಿ ಅಂದ್ಲು. ಹೋಗಬೇಡ ಅಂತ ತೀರ್ಮಾನ ಮಾಡಿದ್ದು ನಾನೇ. ಮಂಜ ಫೋನಲ್ಲಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

"ಅಣ್ಣ, ಆಗಲ್ಲ ಅಂದ್ರೆ ಆಗಲ್ಲ. ಊರವರು ಕೇಳ್ತಾರೆ. ಅವರಿಗೆ ಏನು ಹೇಳ್ಲಿ, ಅದನ್ನಾದ್ರೂ ಹೇಳು" ಅಂದ.

ನೀನೇ ಏನಾದ್ರೂ ಹೇಳು ಅಂದು ಫೋನಿಟ್ಟೆ. ಹಾಲು ತುಪ್ಪ ಬಿಟ್ಟಿದ್ದು, ತಲೆ ಬೋಳಿಸ್ಕೊಂಡಿದ್ದು, ಎಲ್ಲಾ ತಮ್ಮನೇ ಮಾಡಿದ.

ಹನ್ನೊಂದನೇ ದಿನದ ತಿಥಿ ಬಂದಿದ್ದು ಇಲ್ಲಿ ಶಾಲೆಗೆ ಚಳಿಗಾಲದ ರಜೆ ಇರೋ ವಾರದಲ್ಲಿ. ಶಾಲೆ ಇಲ್ಲ ಅಂದ್ರೆ ನನಗೂ ಪಾತ್ರೆ ಇಲ್ಲ. ಸುಧಾಗೆ ಆವತ್ತು ಲ್ಯಾಬಲ್ಲಿ ರಜೆ ಸಿಗಲಿಲ್ಲ. ಬೆಳಗ್ಗೆ ಎದ್ದು ಅಪ್ಪನ ಫೋಟೋ ಮುಂದೆ ಎಡೆ ಇಟ್ಟು ಕೂತಿದ್ದೆ, ಮಂಜನಿಂದ ಒಂದು ಫೋಟೋ ಬಂತು. ಅಪ್ಪನ ಚಪ್ಪಲಿ. ಟೈರಿನ ಅಟ್ಟೆ, ಹೊರಗಡೆ ಅಂಚು ಸವೆದಿದ್ದು. ಹಿಂದೆಯೇ ಒಂದು ವಾಯ್ಸ್ ಮೆಸೇಜು. ಬಟ್ಟೆ ಎಲ್ಲಾ ಹೊಳೆಗೆ ಬಿಟ್ವಿ, ಚಪ್ಪಲಿ ಒಂದು ಉಳಿದಿದೆ, ದಾನ ಕೊಡು ಅಂತ ಕೆಲವರು, ಕೊಡಬಾರದು ಅಂತ ಕೆಲವರು. ಹಿರಿಮಗ ನೀನು, ಹೊತ್ತು ಮುಳುಗೋದ್ರೊಳಗೆ ಹೇಳು.

ಹನ್ನೊಂದು ದಿನದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಅದೊಂದೇ. ಟೈಪ್ ಮಾಡೋದು, ಅಳಿಸೋದು. ಇದನ್ನ ಸಹನಾ ಎಷ್ಟು ಹೊತ್ತು ನೋಡಿದಳೋ. ಎದ್ದು ಹೋಗಿ ನನ್ನ ಜಾಕೆಟ್ಟು ತಂದು ಮಡಿಲಲ್ಲಿ ಹಾಕಿ, ಬೆಟ್ಟಕ್ಕೆ ಹೋಗೋಣ ಪಪ್ಪಾ ಅಂದ್ಲು.

ನಮ್ಮ ಈ ಊರ ಹಿಂದೆ ಒಂದು ಸಣ್ಣ ಬೆಟ್ಟ ಇದೆ. ಅದಕ್ಕೊಂದು ಹೆಸರೂ ಇಲ್ಲ, ಎಲ್ಲರೂ ಬರೀ ಬೆಟ್ಟ ಅಂತಾರೆ. ಅಜ್ಜಿಯರು ನಾಯಿ ಕರ್ಕೊಂಡು ಹತ್ತಿ ಇಳಿಯುವಂಥದ್ದು. ಈ ಊರಿಗೆ ಬಂದ ಇಷ್ಟು ವರ್ಷದಲ್ಲಿ ನಾನೊಂದು ಸಲವೂ ಹತ್ತಿರಲಿಲ್ಲ. ಮೇಲೆ ದೇವರಿಲ್ಲದ ಬೆಟ್ಟ ಯಾಕೆ ಹತ್ತಬೇಕು ಅನ್ನೋದು ನನ್ನ ವಾದ.

ಕಮ್ಯೂನ್, ಅಂದ್ರೆ ಇಲ್ಲಿಯ ಪುರಸಭೆ, ಆಟದ ಸಾಮಾನು ಎರವಲು ಕೊಡೋ ಒಂದು ಜಾಗ ಇಟ್ಟಿದೆ. ಸಹನಾ ಅಲ್ಲಿಂದ ಎರಡು ಜೊತೆ ಹಿಮದ ಚಪ್ಪಲಿ, ಊರಿಕೊಂಡು ನಡೆಯೋಕೆ ಕೋಲು, ಎಲ್ಲಾ ಮೊದಲೇ ತಂದಿಟ್ಟಿದ್ಲು. ಅದಕ್ಕೆ ಬೇರೆ ಹೆಸರಿದೆ, ನಾನು ಹಿಮದ ಚಪ್ಪಲಿ ಅಂತೀನಿ. ನೋಡೋಕೆ ಮೊರದಷ್ಟು ಅಗಲ, ಉದ್ದಕ್ಕೆ ಮೊಟ್ಟೆ ಆಕಾರ, ಅಡಿಯಲ್ಲಿ ಕಬ್ಬಿಣದ ಹಲ್ಲು. ಬೂಟಿನ ಮೇಲೆ ಪಟ್ಟಿ ಬಿಗಿದು ಕಟ್ಕೋಬೇಕು. ಮೊಣಕಾಲು ಮುಳುಗೋ ಹಿಮದಲ್ಲೂ ಮೇಲೇ ತೇಲಿಸುತ್ತೆ. ಬೆರಳ ಕಡೆ ಮಾತ್ರ ಕಟ್ಟಿರುತ್ತೆ, ಹಿಮ್ಮಡಿ ಬಿಡುಬೀಸು. ನಡೆದ್ರೆ ಹಿಂದೆ ಟಪ್ ಟಪ್ ಅಂತ ಹೊಡೆಯುತ್ತೆ, ಥೇಟ್ ಹವಾಯಿ ಚಪ್ಪಲಿ ಥರ. ನಾಲ್ಕು ಹೆಜ್ಜೆ ಇಟ್ಟು ಆ ಸದ್ದು ಕೇಳಿದ ಮೇಲೆ ಸ್ವಲ್ಪ ಧೈರ್ಯ ಬಂತು. ಐದನೇ ಹೆಜ್ಜೇಲಿ ಬಲಗಾಲಿನದ್ದನ್ನ ಎಡಗಾಲಲ್ಲಿ ತುಳಿದು ಬಿದ್ದೆ. ಕಾಲು ಅಗಲ ಮಾಡು ಪಪ್ಪಾ, ಹಸು ಥರ ನಡಿ ಅಂದ್ಲು ಮಗಳು. ಹಸು ಹಾಗೆ ನಡೆಯಲ್ಲ. ಅವಳು ಹಸು ನೋಡಿರೋದು ಕಮ್ಮಿ. ಆದರೂ ನಡೆದೆ.

ಮೊದಲು ಕಡುಹಸಿರು ಮರಗಳು, ಕೊಂಬೆಗಳೆಲ್ಲ ಹಿಮದ ಭಾರಕ್ಕೆ ಕೆಳಗೆ ಬಾಗಿ. ಆವತ್ತಿನ ಹಿಮ ಒಣಗಿತ್ತು, ಊದಿದ್ರೆ ಹಾರುತ್ತೆ, ಕೈಗೆ ಅಂಟಲ್ಲ. ಸಹನಾ ತಿರುಗಿ ನೋಡಿದಾಗ ಅವಳ ಹುಬ್ಬು, ರೆಪ್ಪೆ, ಟೋಪಿ ಆಚೆ ಬಂದ ಕೂದಲು ಎಲ್ಲಾ ಬೆಳ್ಳಗಾಗಿತ್ತು. ನಾನು ಒಂದು ಗಳಿಗೆ ನಿಂತ್ಬಿಟ್ಟೆ. ಸುಸ್ತಾಯ್ತಾ ಅಂದ್ಲು. ಹೂಂ ಅಂದೆ.

ಸುಸ್ತೂ ಆಗಿತ್ತು ಅನ್ನಿ. ಎಪ್ಪತ್ತು ದಾಟಿದ ಒಬ್ಬರು ನಾಯಿ ಜೊತೆ ನಮ್ಮನ್ನ ದಾಟಿ ಹೋದವರು, ನಾವು ಅರ್ಧಕ್ಕೆ ಬರೋದ್ರೊಳಗೆ ಮೇಲೆ ಹೋಗಿ ಇಳಿದು ಮತ್ತೆ ಎದುರಾದ್ರು. ನಾಯಿ ನನ್ನನ್ನ ಕನಿಕರದಿಂದ ನೋಡ್ತು.

ಮರಗಳು ಮುಗಿದ ಮೇಲೆ ಬೋಳು. ಅಲ್ಲಿಂದ ತುದಿ ಕಾಣುತ್ತೆ. ತುದೀಲಿ ಒಂದು ಕಲ್ಲಿನ ಗುಪ್ಪೆ, ಆಳೆತ್ತರ, ಒಂದರ ಮೇಲೊಂದು ಜೋಡಿಸಿದ್ದು. ಹತ್ತಿದವರು ಇಟ್ಟು ಇಟ್ಟು ಆಗಿದ್ದಂತೆ. ಅದರ ಹಿಂದೆ ಬರೀ ಆಕಾಶ. ಅದನ್ನ ನೋಡಿದ ತಕ್ಷಣ ನನಗೆ ಏನಾಯ್ತು ಅಂತ ಬಿಡಿಸಿ ಹೇಳೋಕೆ ಬರಲ್ಲ. ನಮ್ಮೂರ ಗುಡ್ಡದಲ್ಲೂ ಕಡೇ ಬಂಡೆ ಹತ್ತಿದ್ರೆ ಗುಡಿ ಹೀಗೇ ಒಂದೇ ಸಲ ಕಾಣುತ್ತೆ. ನಾನು ಬಗ್ಗಿದೆ, ಪಟ್ಟಿ ಬಿಚ್ಚಿದೆ, ಎರಡೂ ಹಿಮದ ಚಪ್ಪಲಿ ಪಕ್ಕಕ್ಕೆ ಬಿಟ್ಟೆ, ಒಂದು ಹೆಜ್ಜೆ ಮುಂದಿಟ್ಟೆ.

ತೊಡೆವರೆಗೂ ಮುಳುಗಿದೆ. ಇನ್ನೊಂದು ಕಾಲು ಎಳ್ಕೊಳ್ಳೋಕೆ ಹೋಗಿ ಅದೂ ಮುಳುಗ್ತು. ಸೊಂಟದ ಮಟ್ಟ ಹಿಮದಲ್ಲಿ, ಕೈಲಿ ಎರಡು ಕೋಲು ಹಿಡ್ಕೊಂಡು, ಗದ್ದೇಲಿ ನೆಟ್ಟ ಬೆದರುಬೊಂಬೆ ಹಾಗೆ ನಿಂತಿದ್ದೆ. ಸಹನಾ ಹೊಟ್ಟೆ ಹಿಡ್ಕೊಂಡು ನಕ್ಕಳು. ನಕ್ಕು ನಕ್ಕು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಮಂಡಿಯೂರಿ ಕೈಯಿಂದಲೇ ಹಿಮ ತೋಡೋಕೆ ಶುರು ಮಾಡಿದಳು.

"ಯಾಕೆ ಬಿಚ್ಚಿದೆ ಪಪ್ಪಾ?" ಕನ್ನಡದಲ್ಲೇ ಕೇಳಿದಳು.

ದೇವರ ಹತ್ರ ಚಪ್ಪಲಿ ಹಾಕ್ಕೊಂಡು ಹೋಗಬಾರದು ಅಂದೆ. ಇಲ್ಲಿ ದೇವರಿಲ್ವಲ್ಲ ಅಂದ್ಲು. ಇಲ್ಲ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೊಂಟದವರೆಗೂ ಹೂತುಹೋದ ಮನುಷ್ಯನಿಗೆ ಮುಚ್ಚಿಡೋಕೆ ಏನೂ ಇರಲ್ಲ. ಅವಳು ತೋಡ್ತಾ ಇದ್ಲು, ನಾನು ಹೇಳ್ತಾ ಹೋದೆ. ಗುಡ್ಡ, ಹುಣಸೆ ಮರ, ಗೋಣಿಚೀಲ. ತಾತ ದೇವಸ್ಥಾನದ ಒಳಗೆ ಕೆಲಸ ಮಾಡ್ತಿರಲಿಲ್ಲ, ಕೆಳಗೆ ಕೂತು ಬೇರೆಯವರ ಚಪ್ಪಲಿ ಕಾಯ್ತಿದ್ರು. ಎಲ್ಲರದ್ದೂ ಮುಖ ಹೊರಗೆ ತಿರುಗಿಸಿ ಇಡ್ತಿದ್ರು. ನಾನು ನಿನಗೆ ಸರಿಯಾಗಿ ಹೇಳಿರಲಿಲ್ಲ. ನಾಚಿಕೆ ಆಗಿತ್ತು.

ಅವಳು ತೋಡೋದು ನಿಲ್ಲಿಸಿದಳು.

"ಅದಕ್ಕೇನಾ ತಾತ ನನ್ನ ಶೂ ಕೇಳ್ತಿದ್ದಿದ್ದು?"

ಹೂಂ ಅಂದೆ. ಅವಳು ನನ್ನ ಕಾಲ ಸುತ್ತ ಉಳಿದಿದ್ದ ಹಿಮ ತೋಡಿ ತೆಗೆದಳು. ಆಮೇಲೆ ಸ್ವೀಡಿಷ್‌ನಲ್ಲಿ, ಗೊತ್ತಿದ್ದಿದ್ರೆ ನಿಮ್ಮಿಬ್ಬರ ಶೂ ಕೂಡ ತೋರಿಸ್ತಿದ್ದೆ ಅಂದ್ಲು.

ಮತ್ತೆ ಕಟ್ಕೊಂಡು ತುದಿ ತಲುಪಿದ್ವಿ. ಅಲ್ಲಿ ಗಾಳಿ ಹಿಮವನ್ನೆಲ್ಲ ಬಳಿದುಬಿಟ್ಟಿತ್ತು, ಗುಪ್ಪೆ ಸುತ್ತ ಬರೀ ಬಂಡೆ. ಸಹನಾ ಬಂಡೆಯನ್ನ ಕೋಲಲ್ಲಿ ಕುಟ್ಟಿ ನೋಡಿದಳು. ನೋಡಿ, ನನ್ನ ಮುಂದೆ ಕೂತು ನನ್ನ ಕಾಲಿನ ಪಟ್ಟಿ ಬಿಚ್ಚಿದಳು. ಆಮೇಲೆ ಬೂಟಿನ ದಾರವನ್ನೂ.

"ನೀನು ಹೋಗು. ನಾನು ನೋಡ್ಕೋತೀನಿ. ಎರಡೇ ನಿಮಿಷ, ಆಮೇಲೆ ಬೆರಳು ಹೋಗುತ್ತೆ."

ಎರಡು ಜೊತೆ ಉಣ್ಣೆ ಕಾಲುಚೀಲದಲ್ಲಿ ಹೋದೆ. ನಮ್ಮೂರ ಬಂಡೆ ಕಾಲು ಸುಡುತ್ತೆ, ಇದೂ ಸುಡ್ತು. ಕಲ್ಲುಗಳ ಮುಂದೆ ನಿಂತು ಕೈ ಮುಗಿದೆ. ಡಬ್ಬೀಲಿ ತಂದಿದ್ದ ಚಿತ್ರಾನ್ನದಲ್ಲಿ ಒಂದು ಹಿಡಿ ಕಲ್ಲಿನ ಮೇಲಿಟ್ಟೆ. ತಿಥಿ ಎಡೆಗೆ ಕಾಗೆ ಬರಬೇಕಲ್ಲ, ಆಕಾಶ ನೋಡಿದೆ, ಬರಲಿಲ್ಲ. ಚಳೀಲಿ ಕಾಗೆಗಳು ಕೆಳಗೆ ಊರಲ್ಲೇ ಇರ್ತವೆ ಅಂತ ಹಿಂದಿನಿಂದ ಮಗಳು ಕೂಗಿ ಹೇಳಿದಳು. ಮಂತ್ರ ಈಗಲೂ ಬರಲ್ಲ ನನಗೆ. ಅಪ್ಪಾ, ನಾನು ಬರಲಿಲ್ಲ ಅಂದೆ, ಅಷ್ಟೇ. ಗಟ್ಟಿಯಾಗಿ ಹೇಳಿದೆ. ಗಾಳಿ ಇತ್ತು, ಅವಳಿಗೆ ಕೇಳಿಸಿರಲ್ಲ.

ತಿರುಗಿ ಬಂದೆ. ಸಹನಾ ಬಂಡೆ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತಿದ್ಲು. ಅವಳ ಪಕ್ಕ ನನ್ನ ಬೂಟು, ಬೂಟಿನ ಮುಂದೆ ಹಿಮದ ಚಪ್ಪಲಿ, ಎಲ್ಲವೂ ಜೋಡಿಜೋಡಿ. ಮುಖ ಹೊರಗೆ, ಇಳಿಯೋ ದಾರಿ ಕಡೆ. ನಾನು ಬಗ್ಗಲಿಲ್ಲ, ತಿರುಗಲಿಲ್ಲ. ನೇರ ಕಾಲು ಹಾಕಿದೆ.

ಅಲ್ಲೇ ನಿಂತು ಮಂಜನಿಗೆ ಫೋನ್ ಮಾಡಿದೆ. ಬೆಟ್ಟದ ಮೇಲೆ ಸಿಗ್ನಲ್ ಚೆನ್ನಾಗಿತ್ತು. ಇಲ್ಲಿ ಮಧ್ಯಾಹ್ನ, ಅಲ್ಲಿ ಸಂಜೆ ಐದಾಗಿತ್ತು. ಹಿಂದುಗಡೆ ಪಾತ್ರೆ ತೊಳೆಯೋ ಸದ್ದು ಕೇಳ್ತಿತ್ತು, ತಿಥಿ ಊಟ ಮುಗಿದಿತ್ತು.

"ಮಂಜ, ಚಪ್ಪಲಿ ದಾನ ಕೊಡಬೇಡ, ಹೊಳೆಗೂ ಬಿಡಬೇಡ. ಗುಡ್ಡದ ಬುಡಕ್ಕೆ ತಗೊಂಡು ಹೋಗು. ಹುಣಸೆ ಮರದ ಕೆಳಗೆ, ಅಪ್ಪ ಕೂರ್ತಿದ್ದ ಜಾಗದಲ್ಲಿ, ಮುಖ ಹೊರಗೆ ಮಾಡಿ ಇಟ್ಟು ಬಾ."

ಪಾತ್ರೆ ಆಮೇಲೆ ತೊಳೀರಿ ಅಂತ ಮಂಜ ಅಲ್ಲಿ ಯಾರಿಗೋ ಹೇಳಿದ.

"ಯಾರಾದ್ರೂ ಹಾಕ್ಕೊಂಡು ಹೋದ್ರೆ?"

"ಹೋಗ್ಲಿ. ಅಲ್ಲೀವರೆಗೂ ಅಪ್ಪ ಮೇಲೆ ಹೋಗಿದ್ದಾನೆ ಅಂದ್ಕೊಳ್ಳೋಣ."

ಪಾತ್ರೆ ಸದ್ದು ನಿಂತಿತ್ತು. ಮಂಜ ಮೂಗೊರೆಸಿಕೊಂಡಿದ್ದು ಕೇಳಿಸ್ತು. "ಊರವರು ಕೇಳಿದ್ರೆ ಅಣ್ಣ ಇಡಿಸಿದ್ದು ಅಂತೀನಿ" ಅಂದ. ಹನ್ನೊಂದು ದಿನದ ಮೇಲೆ ಅವನ ಗಂಟಲಲ್ಲಿ ಅಣ್ಣ ಅನ್ನೋ ಮಾತು ಮೊದಲಿನ ಹಾಗೆ ಬಂತು.

ಮುಂದಿನ ಶನಿವಾರ ಅವನು ಹೋಗಿ ನೋಡಿದ್ನಂತೆ. ಚಪ್ಪಲಿ ಇರಲಿಲ್ಲ ಅಂತ ಹೇಳಿದ. ಯಾರ ಕಾಲಿಗೆ ಸರಿಹೋಯ್ತು ಅಂತ ಅಪ್ಪನೇ ಹೇಳಬೇಕಿತ್ತು.

ಇಷ್ಟೇ ನನ್ನ ಕಥೆ. ಇಷ್ಟು ಒತ್ತೋಕೆ ನಾಲ್ಕು ಭಾನುವಾರ ಹಿಡೀತು. ದೂರದಲ್ಲಿದ್ದು, ಇಂಥ ದಿನಕ್ಕೆ ಊರಿಗೆ ಹೋಗೋಕಾಗದವರು ನಿಮ್ಮಲ್ಲೂ ಇರ್ತೀರ. ಆ ದಿನ ನೀವು ಎಲ್ಲಿದ್ರಿ, ಏನು ಮಾಡಿದ್ರಿ? ಎರಡು ಸಾಲಾದ್ರೂ ಬರೀರಿ. ಒತ್ತೋದು ನಿಧಾನ ಆದ್ರೂ ಓದೋದು ನನಗೆ ಬರುತ್ತೆ. ಈ ಕಡೆ ಬಂದ್ರೆ ಮನೆಗೂ ಬನ್ನಿ. ಚಪ್ಪಲಿ ಬಾಗಿಲಲ್ಲಿ ಹೇಗಾದ್ರೂ ಬಿಡಿ, ನಾನು ನೋಡ್ಕೋತೀನಿ.